ಉಸ್ತಾದರು ನೋಡದ ಓಟ

ಮೊನ್ನೆ ಶಾಲೆ ಮುಗಿಸಿ ಮನೆಗೆ ಬಂದು ಇನ್ನೂ ಚಪ್ಪಲಿ ಬಿಡುತ್ತಿದ್ದೆ, ಅಡುಗೆಮನೆಯಿಂದ ಒಂದು ವಾಸನೆ ಬಂತು. ದಾಳಿಂಬೆ ಸಿಪ್ಪೆ ಕುದಿಯುವ ವಾಸನೆ. ಮಗಳಿಗೆ ಬೆಳಗಿನಿಂದ ಹೊಟ್ಟೆ ಕೆಟ್ಟಿತ್ತು. ನನ್ನ ಹೆಂಡತಿ ಡಬ್ಬಿಯಲ್ಲಿದ್ದ ಒಣ ಸಿಪ್ಪೆಯನ್ನು ಜಜ್ಜಿ, ನೀರಿಗೆ ಹಾಕಿ ಒಲೆಯ ಮೇಲಿಟ್ಟಿದ್ದಳು. ಒಗರು ಒಗರಾದ, ಸ್ವಲ್ಪ ಮಣ್ಣಿನ, ಸ್ವಲ್ಪ ತೊಗಲಿನ ವಾಸನೆ ಅದು... ಎಲ್ಲರಿಗೂ ಅದು ಮನೆಮದ್ದಿನ ವಾಸನೆ. ನನಗೆ ಮಾತ್ರ ಅದು ಮೂಗಿಗೆ ಬಡಿದರೆ ಇಂದಿಗೂ ಮುಖ ಬಿಸಿಯಾಗುತ್ತದೆ.

“ಯಾಕ್ರಿ, ಅಲ್ಲೇ ನಿಂತ್ರೆಲ್ಲ?” ಎಂದಳು ಹೆಂಡತಿ. ಏನಿಲ್ಲ ಎಂದೆ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಅವಳಿಗೆ ಈ ಕಥೆ ಹೇಳಿಲ್ಲ.

ಆ ವಾಸನೆಯ ಹಿಂದೆ ಒಬ್ಬರಿದ್ದಾರೆ. ನಾವು ಅವರನ್ನು ಉಸ್ತಾದ್ ಎನ್ನುತ್ತಿದ್ದೆವು. ಕವಾಯತು, ಓಟ, ಕಸರತ್ತು ಕಲಿಸುವವರನ್ನು ಸೈನ್ಯದಲ್ಲಿ ಹಾಗೆ ಕರೆಯುವುದು ರೂಢಿ. ಅವರಿಗೆ ಹೆಸರಿತ್ತು, ಗೊತ್ತೂ ಇತ್ತು, ಆದರೆ ಯಾರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ನನ್ನ ಬಾಯಿಗೂ ಅದು ಬರುವುದಿಲ್ಲ.

ಸೋಲಾಪುರದಿಂದ ಅಕ್ಕಲಕೋಟೆಯ ಕಡೆಗೆ ಬರುವ ರಸ್ತೆಯಲ್ಲಿ, ಊರು ಮುಗಿದು ಜೋಳದ ಹೊಲ ಶುರುವಾಗುವ ಕಡೆ, ಮೂವತ್ತೈದು ವರ್ಷದ ಹಿಂದೆ ಒಂದು ಮಿಲಿಟರಿ ಅಕಾಡೆಮಿ ಇತ್ತು. ಸರಕಾರದ್ದಲ್ಲ. ನಿವೃತ್ತ ಕರ್ನಲ್ ಸಾಹೇಬರೊಬ್ಬರು ನಡೆಸುತ್ತಿದ್ದುದು. ಗೇಟಿನ ಮೇಲೆ ಏನೇ ಬರೆದಿದ್ದರೂ ಸುತ್ತಲಿನ ಹಳ್ಳಿಯವರಿಗೆ ಅದು ‘ಮಿಲ್ಟ್ರಿ ಸಾಲಿ’. ಹತ್ತನೆಯ ಇಯತ್ತೆಯಿಂದ ಹನ್ನೆರಡರವರೆಗೆ ಮೂರು ವರ್ಷ ಅಲ್ಲಿದ್ದರೆ ಮಗ ಪುಣೆಯ ದೊಡ್ಡ ಅಕಾಡೆಮಿಗೆ ಹೋಗುತ್ತಾನೆ, ಅಲ್ಲಿಂದ ನಕ್ಷತ್ರ ಹಚ್ಚಿಕೊಂಡು ಬರುತ್ತಾನೆ ಎಂದು ತಂದೆಯರೆಲ್ಲ ನಂಬಿದ್ದರು. ಹನ್ನೂರಿನ ನಮ್ಮಪ್ಪನೂ ನಂಬಿದ್ದ. ನಮ್ಮ ಮನೆಯಲ್ಲಿ ಹೊಲ ಇತ್ತು, ಎತ್ತು ಇದ್ದವು, ಟ್ರ್ಯಾಕ್ಟರ್ ಕೂಡ ಇತ್ತು, ಒಬ್ಬ ಆಫೀಸರ್ ಮಾತ್ರ ಇರಲಿಲ್ಲ. ಆ ಕೊರತೆ ತುಂಬಲು ನನ್ನನ್ನು ಒಂದು ಟ್ರಂಕು, ಎರಡು ಸೋಲಾಪುರಿ ಚಾದರ, ಒಂದು ಡಬ್ಬಿ ಬೆಣ್ಣೆಯ ಜೊತೆ ಅಲ್ಲಿಗೆ ಕಳಿಸಿದರು.

ಆ ಬೆಣ್ಣೆಯ ಬಗ್ಗೆ ಹೇಳಲೇಬೇಕು, ಏಕೆಂದರೆ ಆಗ ನಾನೇ ಒಂದು ಬೆಣ್ಣೆಯ ಡಬ್ಬಿಯಂತಿದ್ದೆ. ಮನೆಗೆ ಒಬ್ಬನೇ ಗಂಡು, ಅಜ್ಜಿಯ ಕೈಯಲ್ಲಿ ಬೆಳೆದವನು. ಸಜ್ಜಿ ರೊಟ್ಟಿಯ ಮೇಲೆ ಲಿಂಬೆಹಣ್ಣಿನಷ್ಟು ಬೆಣ್ಣೆ ಇಡದೆ ಅವಳು ತಾಟು ಮುಂದೆ ಸರಿಸುತ್ತಿರಲಿಲ್ಲ. ಅಕಾಡೆಮಿಯಲ್ಲಿ ಹಗ್ಗ ಹತ್ತಬೇಕು, ಗೋಡೆ ಜಿಗಿಯಬೇಕು, ಹಾಕಿ ಆಡಬೇಕು, ಕೈಗೆ ಚೀಲ ಕಟ್ಟಿಕೊಂಡು ಗುದ್ದಾಡಬೇಕು. ಗುದ್ದಾಟದಲ್ಲಿ ಪರವಾಗಿಲ್ಲ, ನನ್ನನ್ನು ಕೆಡವುವುದು ಯಾರಿಗೂ ಸುಲಭವಿರಲಿಲ್ಲ. ಹಗ್ಗದ ಮೇಲೆ ಮಾತ್ರ ಜೋಳದ ಚೀಲ ತೂಗಿದ ಹಾಗೆ ತೂಗುತ್ತಿದ್ದೆ. ಓಟ ಅಂದರೆ ದೇವರೇ ಗತಿ. ಹುಡುಗರು ನನಗೆ ‘ಬೈಲಗಾಡಿ’ ಎಂದು ಹೆಸರಿಟ್ಟರು. ಮರಾಠಿಯಲ್ಲಿ ಎತ್ತಿನಗಾಡಿ. ಮೊದಮೊದಲು ಸಿಟ್ಟು ಬರುತ್ತಿತ್ತು, ಆಮೇಲೆ ಕರೆದರೆ ಓ ಎನ್ನುತ್ತಿದ್ದೆ.

ಐದು ಗಂಟೆಗೆ ಬಿಗುಲ್. ಹಿಂದಿನ ಸಂಜೆಯೇ ಬಿಳಿ ಕ್ಯಾನ್ವಾಸ್ ಬೂಟಿಗೆ ಖಡು, ಅಂದರೆ ಸೀಮೆಸುಣ್ಣ, ಕಲಸಿ ಹಚ್ಚಿ ಕಿಟಕಿಯಲ್ಲಿ ಒಣಗಿಸಿಡಬೇಕು. ಹಾಸಿಗೆಯ ಚಾದರದ ಮೇಲೆ ಒಂದು ಸುಕ್ಕೂ ಕಾಣಬಾರದು. ಎದ್ದು ಅದನ್ನೆಲ್ಲ ಸರಿಮಾಡುವ ಕಷ್ಟ ಯಾರಿಗೆ ಬೇಕು ಎಂದು ನಮ್ಮಲ್ಲಿ ಅರ್ಧ ಜನ ಹಾಸಿಗೆಯನ್ನು ಮುಟ್ಟದೆ ನೆಲದ ಮೇಲೇ ಮಲಗುತ್ತಿದ್ದೆವು. ಮೂರು ವರ್ಷ ನನ್ನ ಮಂಚ ನನಗಿಂತ ಶಿಸ್ತಿನಿಂದ ಇತ್ತು.

ಹುಡುಗರನ್ನು ನಾಲ್ಕು ತಂಡ ಮಾಡಿದ್ದರು. ಹೌಸ್ ಎನ್ನುತ್ತಿದ್ದೆವು. ಕೆಂಪು, ನೀಲಿ, ಹಸಿರು, ಹಳದಿ. ಒಂದೊಂದಕ್ಕೂ ಒಬ್ಬ ಉಸ್ತಾದ್. ನನ್ನದು ಹಳದಿ. ವರ್ಷಕ್ಕೊಮ್ಮೆ, ಚಳಿ ಇಳಿಯುವ ಹೊತ್ತಿಗೆ, ನಾಲ್ಕು ತಂಡಗಳ ನಡುವೆ ಒಂದು ದೊಡ್ಡ ಓಟ ನಡೆಯುತ್ತಿತ್ತು. ಕೈಯಲ್ಲಿ ಕಟ್ಟಿಗೆಯ ಬಂದೂಕು ಹಿಡಿದು ಗೇಟಿನಿಂದ ಕೆರೆಯ ಏರಿಯವರೆಗೆ ಹೋಗಿ ಮರಳಿ ಮೈದಾನಕ್ಕೆ ಬರಬೇಕು. ತಂಡದ ಒಬ್ಬೊಬ್ಬನೂ ಓಡಬೇಕು, ದವಾಖಾನೆಯ ಚೀಟಿ ಇದ್ದವನಿಗೆ ಮಾತ್ರ ವಿನಾಯಿತಿ. ಮೊದಲು ಬಂದವನಿಗೆ ಅಲ್ಲಿ ಕಿಮ್ಮತ್ತೇ ಇಲ್ಲ. ತಂಡದ ಕೊನೆಯ ಹುಡುಗ ಗೆರೆ ದಾಟಿದಾಗಲೇ ಆ ತಂಡದ ಗಡಿಯಾರ ನಿಲ್ಲುವುದು. ಹಳದಿ ತಂಡದ ಕೊನೆಯ ಹುಡುಗ ಯಾರೆಂದು ಬೇರೆ ಹೇಳಬೇಕಾಗಿಲ್ಲ. ಎರಡು ವರ್ಷ ನಾವು ಸೋತದ್ದು ನನ್ನಿಂದ.

ನಮ್ಮ ಉಸ್ತಾದರು ಚಪಳಗಾಂವದವರು, ಕುರಿ ಸಾಕುವ ಮನೆತನ. ಇಪ್ಪತ್ತೆರಡು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರರಾಗಿ ಮರಳಿದ್ದರು. ಗಿಡ್ಡ ಆಳು, ಒಣ ಮೈ. ತೋಪಿನ ಸದ್ದಿಗೆ ಎಡಗಿವಿ ಮಂದವಾಗಿತ್ತು. ಕೊರಳಲ್ಲಿ ಸೀಟಿ, ಎದೆಯ ಜೇಬಿನಲ್ಲಿ ಕಾಗದದಲ್ಲಿ ಕಟ್ಟಿದ, ಕುರುಬರ ದೇವರು ಬೀರೋಬಾನ ಭಂಡಾರ, ಅರಿಶಿನದ ಪುಡಿ. ತಂಡದ ಬಣ್ಣ ಹಳದಿ ಎಂದು ಗೊತ್ತಾದಾಗ ಅದನ್ನು ದೇವರೇ ಆರಿಸಿಕೊಟ್ಟನೆಂದು ಹಿಗ್ಗಿದ್ದರಂತೆ. ಮೈದಾನದಲ್ಲಿ ಅವರದು ಹಿಂದಿ, ಅದೂ ಬಹುವಚನದ ಹಿಂದಿ. ಕೆಡೆಟ್ ಸಾಬ್, ತಾವು ಮಲಗಿದ್ದೀರಾ, ಹಾಸಿಗೆ ತರಿಸಲಾ ಎಂದು ಮರ್ಯಾದೆಯಿಂದ ಕೇಳಿ, ಇಪ್ಪತ್ತು ಸಲ ನೆಲದ ಮೇಲೆ ಉರುಳಿಸುತ್ತಿದ್ದರು. ಮೈದಾನದ ಗೆರೆ ದಾಟಿದ ಮೇಲೆ ಮಾತ್ರ ನನ್ನ ಹತ್ತಿರ ಕನ್ನಡ. ಆಗ ನಾನು ತಮ್ಮ ಆಗುತ್ತಿದ್ದೆ.

ಬೇರೆ ಉಸ್ತಾದರು ವೇಗದ ಹುಡುಗನನ್ನು ಮುಂದೆ ಹಾಕಿ ಉಳಿದವರನ್ನು ಅವನ ಬೆನ್ನು ಹತ್ತಿಸುತ್ತಿದ್ದರು. ನಮ್ಮವರದು ತಿರುಗಾಮುರುಗಾ. ಎಲ್ಲರಿಗಿಂತ ನಿಧಾನದವನು ಮುಂದೆ, ಎಲ್ಲರಿಗಿಂತ ಚುರುಕಿನವನು ಹಿಂದೆ. ಹೀಗಾಗಿ ಮೂರು ವರ್ಷ ನಾನು ಹಳದಿ ತಂಡದ ಮುಂಚೂಣಿಯಲ್ಲಿದ್ದೆ. ದಾರಿಯಲ್ಲಿ ನೋಡಿದವರು ನನ್ನನ್ನೇ ನಾಯಕನೆಂದು ತಿಳಿಯುತ್ತಿದ್ದರು. ಬೇರೆ ತಂಡದವರು ಬಿದ್ದು ಬಿದ್ದು ನಗುತ್ತಿದ್ದರು. ನಾನೊಮ್ಮೆ ಅಳು ಬಂದು, ನನ್ನನ್ನು ಹಿಂದೆ ಹಾಕಿ ಎಂದು ಕೇಳಿಕೊಂಡೆ.

“ಕುರಿ ಹಿಂಡು ಹೆಂಗ ನಡೀತದ ನೋಡಿಯೇನೊ ತಮ್ಮ?” ಎಂದರು. “ಕುಂಟೂ ಕುರಿನ್ನ ಹಿಂದ ಬಿಟ್ರ ಅದು ತೋಳಕ್ಕ. ಅದಕ್ಕ ನಮ್ಮಪ್ಪ ಅದನ್ನ ಮುಂದ ಬಿಡ್ತಿದ್ದ. ಅದು ನಡದಂಗ ಹಿಂಡು ನಡೀತದ. ನೀ ಎಷ್ಟು ಓಡ್ತಿ ಅಷ್ಟೇ ನಮ್ಮ ಓಟ.”

ನನ್ನನ್ನು ಕುಂಟ ಕುರಿ ಎಂದದ್ದಕ್ಕೆ ಬೇಸರ ಮಾಡಿಕೊಳ್ಳಬೇಕೋ, ನನ್ನ ಮೇಲೆ ಇಷ್ಟು ಭಾರ ಹೊರಿಸಿದ್ದಕ್ಕೆ ಹೆದರಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ.

ಮೂರನೆಯ ವರ್ಷ ಅವರು ನನ್ನ ಬೆನ್ನು ಬಿಡಲಿಲ್ಲ. ಊರಿಂದ ಬಂದ ಬೆಣ್ಣೆಯ ಡಬ್ಬಿಯನ್ನು ನೇರವಾಗಿ ಅಡುಗೆಯವನಿಗೆ ಕೊಟ್ಟುಬಿಟ್ಟರು. ಬಿಗುಲ್ ಊದುವ ಮೊದಲೇ ನನ್ನನ್ನು ಎಬ್ಬಿಸಿ ಕೆರೆಯ ಕಡೆ ಹೊರಡಿಸುತ್ತಿದ್ದರು. ನಾನು ಮುಂದೆ, ಅವರು ಹಿಂದೆ, ನಾಲಿಗೆಯಿಂದ ಕುರಿ ಅಟ್ಟುವ ಸದ್ದು ಮಾಡುತ್ತ. ಬೈದದ್ದು ಕಡಿಮೆ. ಏರಿಯ ಹತ್ತಿರ ಉಸಿರು ಹತ್ತಿ ನಿಂತರೆ ಅವರೂ ನಿಂತು, ಆ ಊರಿನ ದಾರಿ ಯಾವುದು, ಈ ಹೊಲ ಯಾರದು ಎಂದು ಸಂಬಂಧವಿಲ್ಲದ ಮಾತಾಡುತ್ತಿದ್ದರು. ದೀಪಾವಳಿಯ ಹೊತ್ತಿಗೆ ನನ್ನ ಚಡ್ಡಿ ಸಡಿಲವಾಯಿತು. ಸಂಕ್ರಾಂತಿಗೆ ನಿಲ್ಲದೆ ಕೆರೆಗೆ ಹೋಗಿ ಬಂದೆ. ಓಟಕ್ಕೆ ಒಂದು ವಾರ ಇದ್ದಾಗ ಇಡೀ ತಂಡ ಓಡಿ ನೋಡಿದೆವು. ಹಿಂದಿನ ವರ್ಷ ಗೆದ್ದ ಕೆಂಪು ತಂಡದ ಹೊತ್ತಿಗೂ ನಮಗೂ ಅರ್ಧ ನಿಮಿಷ ಕೂಡ ಅಂತರ ಇರಲಿಲ್ಲ. ಉಸ್ತಾದರು ಶಾಬಾಸ್ ಅನ್ನಲಿಲ್ಲ. ಜೇಬಿನಿಂದ ಚಿಟಿಕೆ ಭಂಡಾರ ತೆಗೆದು ನನ್ನ ಹಣೆಗೆ ಒತ್ತಿ, “ಆಗ್ತದ ನಿನ್ನ ಕೈಲೆ” ಎಂದರು.

ಹಳದಿ ತಂಡ ಎಂಟು ವರ್ಷದಿಂದ ಗೆದ್ದಿರಲಿಲ್ಲ. ಅಂದರೆ ಉಸ್ತಾದರು ಅಲ್ಲಿಗೆ ಬಂದಾಗಿನಿಂದ ಒಮ್ಮೆಯೂ ಇಲ್ಲ. ಗೆದ್ದ ತಂಡದ ಉಸ್ತಾದ್ ಅತಿಥಿಗಳ ಕೈಯಿಂದ ಶೀಲ್ಡ್ ತೆಗೆದುಕೊಂಡು, ಸೀಟಿ ಊದುತ್ತ, ತಂಡದ ಮುಂದೆ ಮೈದಾನವನ್ನು ಒಂದು ಸುತ್ತು ಹಾಕುವುದು ಅಲ್ಲಿನ ಪದ್ಧತಿ. ಆ ಒಂದು ಸುತ್ತಿಗಾಗಿ ಅವರು ಹೇಗೆ ಕಾಯುತ್ತಿದ್ದರೆಂದು ಅಡುಗೆಯವನಿಗೂ ಗೊತ್ತಿತ್ತು. ಈ ವರ್ಷ ಹೆಂಡತಿಯನ್ನು ನೋಡಲು ಕರೆಸುತ್ತೇನೆ ಎಂದು ಗೇಟಿನವನ ಹತ್ತಿರ ಹೇಳಿದ್ದರಂತೆ. ಆಮೇಲೆ ಕುರಿ ಬಿಟ್ಟು ಬರಲಾಗದೆ ಆಕೆ ಬರಲಿಲ್ಲ.

ಇಲ್ಲಿಂದ ಮುಂದಿನದನ್ನು ಬರೆಯುವುದು ಕಷ್ಟ...

ಓಟದ ಹಿಂದಿನ ದಿನ ನನಗೆ ವಿಪರೀತ ಹೆದರಿಕೆಯಾಯಿತು. ಅರ್ಧ ನಿಮಿಷ. ಅದು ನನ್ನ ಅರ್ಧ ನಿಮಿಷ. ಮೂರನೆಯ ಸಲವೂ ನನ್ನಿಂದಲೇ ಸೋತರೆ ಆ ಹುಡುಗರ ಮುಖ ನೋಡುವುದು ಹೇಗೆ? ಬಹಳ ವರ್ಷ ನನಗೆ ನಾನೇ ಹೇಳಿಕೊಂಡು ಬಂದದ್ದೇನೆಂದರೆ, ನಮ್ಮ ತಂಡದ ಕ್ಯಾಪ್ಟನ್ ನನ್ನನ್ನು ಬದಿಗೆ ಕರೆದು, ನೀನು ಚೀಟಿ ತಂದುಬಿಡು ಎಂದ ಎಂದು. ಸುಳ್ಳು. ಅವನು ಕೇಳಲಿಲ್ಲ. ನಾನೇ ಅವನ ಹತ್ತಿರ ಹೋಗಿ, ಚೀಟಿ ತಂದರೆ ಹೇಗೆ ಎಂದೆ. ಅವನ ಮುಖ ಒಮ್ಮೆಲೇ ಹಗುರಾದದ್ದನ್ನು ನೋಡಿದೆ. ದವಾಖಾನೆಯ ಕಂಪೌಂಡರ್ ಒಳ್ಳೆಯ ಮನುಷ್ಯ, ಹೇಳಿದ್ದನ್ನು ನಂಬುತ್ತಿದ್ದ. ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಹೋದೆ. ಭೇದಿ ಎಂದು ಬರೆದುಕೊಟ್ಟು ಅಲ್ಲಿಯೇ ಮಂಚದ ಮೇಲೆ ಮಲಗಿಸಿದ, ಓಟ ನೋಡಲು ತಾನು ಹೋದ.

ಗೇಟಿನ ಹತ್ತಿರ ಸಾಲು ನಿಂತಾಗ ಮುಂದೆ ನಾನಿಲ್ಲದ್ದು ಉಸ್ತಾದರಿಗೆ ಕಂಡಿದೆ. ಕ್ಯಾಪ್ಟನ್ ವಿಷಯ ಹೇಳಿದ್ದಾನೆ. ಓಟಕ್ಕೆ ಬಿಡುವ ತನಕ ಅವರು ಅಲ್ಲಿ ಇದ್ದರಂತೆ. ತಂಡ ಹೊರಟ ಮೇಲೆ ಅವರು ಹೋಗಬೇಕಾದದ್ದು ಮೈದಾನದ ಗೆರೆಗೆ. ನಾಲ್ಕೂ ಉಸ್ತಾದರು ಅಲ್ಲಿ ನಿಂತಿರಬೇಕು, ಅದು ಅವರ ಡ್ಯೂಟಿ. ಇವರು ಸೀದಾ ಅಡುಗೆಮನೆಗೆ ಹೋಗಿದ್ದಾರೆ.

ನಾನು ದವಾಖಾನೆಯಲ್ಲಿ ಹಳೆಯ ಮಾಸಿಕವೊಂದನ್ನು ಓದುತ್ತ ಬಿದ್ದಿದ್ದೆ. ಬಾಗಿಲಲ್ಲಿ ಬೂಟಿನ ಸದ್ದಾಯಿತು. ಅದನ್ನು ಚಾದರದೊಳಗೆ ತುರುಕಿ ಕಣ್ಣು ಮುಚ್ಚಿದೆ. ಮೊದಲು ಬಂದದ್ದು ವಾಸನೆ. ಉಸ್ತಾದರು ತಾವೇ ಸಿಪ್ಪೆ ಕುದಿಸಿ, ಹಿತ್ತಾಳೆಯ ಲೋಟದಲ್ಲಿ ತುಂಬಿ, ಕರವಸ್ತ್ರದಲ್ಲಿ ಹಿಡಿದು ತಂದಿದ್ದರು. “ಏಳು, ಬಿಸಿ ಇದ್ದಾಗ ಕುಡಿ. ನಮ್ಮವ್ವ ಇದನ್ನ ಕೊಟ್ರ ಕುರಿಗೂ ನಿಲ್ತಿತ್ತು” ಎಂದರು. ಕುಡಿದೆ. ಅಷ್ಟು ಕಹಿ, ಅಷ್ಟು ಒಗರು ವಸ್ತು ಲೋಕದಲ್ಲಿ ಇನ್ನೊಂದಿಲ್ಲ. ಸುಮ್ಮನಿದ್ದ ಹೊಟ್ಟೆಗೆ ಅದು ಹೋಗಿ ನಿಜವಾಗಿಯೂ ಒಂದು ಹೊರಳು ಹೊರಳಿತು.

ಅವರು ಸ್ಟೂಲು ಎಳೆದುಕೊಂಡು ಕೂತರು. ಹೋಗುತ್ತಾರೆಂದು ಕಾದೆ. ಹೋಗಲಿಲ್ಲ. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಭೀಮಾ ನದಿಯ ಕಡೆ ಕುರಿ ಹೊಡೆದುಕೊಂಡು ಹೋದದ್ದನ್ನು ಹೇಳತೊಡಗಿದರು. ದಾರಿಯಲ್ಲಿ ಒಂದು ಕುರಿ ಈಯಲು ಕೂತರೆ ಹಿಂಡು ನಿಲ್ಲುವುದಿಲ್ಲ, ಮೇವು ಇದ್ದ ಕಡೆಗೆ ನಡೆದೇ ನಡೆಯುತ್ತದೆ. ಆದರೆ ಒಬ್ಬ ಮನುಷ್ಯ ಮಾತ್ರ ಆ ಕುರಿಯ ಹತ್ತಿರ ಕೂರಬೇಕು, ಎಷ್ಟು ಹೊತ್ತಾದರೂ. ಅಪ್ಪ ಕೂತರೆ ಇವರು ಹಿಂಡಿನ ಹಿಂದೆ, ಇವರು ಕೂತರೆ ಅಪ್ಪ ಹಿಂಡಿನ ಹಿಂದೆ. “ನಡ್ಯಾಕ ಬರ್ತಾವಲ್ಲ, ಅವು ಹೋಗ್ತಾವ ಬಿಡು. ಬಿದ್ದದ್ದರ ಕಡಿ ಯಾರರ ಇರಬೇಕಲ್ಲ” ಎಂದರು. ಆಗ ಬಾಯಿ ತೆರೆದೆ. ಎಲ್ಲ ಹೇಳಿಬಿಡಬೇಕೆಂದೇ ತೆರೆದೆ. ಅವರು ಲೋಟದಲ್ಲಿ ಉಳಿದದ್ದನ್ನು ಬಾಯಿಗೆ ಹಿಡಿದರು.

ಸ್ವಲ್ಪ ಹೊತ್ತಿಗೆ ಮೈದಾನದ ಕಡೆಯಿಂದ ಕೂಗು ಕೇಳತೊಡಗಿತು. ಒಂದು ತಂಡ ಬಂದಿರಬೇಕು. ಯಾವುದು ಎಂದು ತಿಳಿಯಲಿಲ್ಲ. ಉಸ್ತಾದರು ಮಾತು ನಿಲ್ಲಿಸಿ ಬಲಗಿವಿಯನ್ನು ಕಿಟಕಿಗೆ ಕೊಟ್ಟು ಕೂತರು. ಆಮೇಲೆ ಒಮ್ಮೆಲೇ ಹಳದಿ, ಹಳದಿ ಎಂದು ಇಡೀ ಮೈದಾನ ಕೂಗಿದ್ದು ಸ್ಪಷ್ಟವಾಗಿ ಕೇಳಿತು. ಡೋಲು ಶುರುವಾಯಿತು. “ಗೆದ್ದಂಗ ಅದ ನಮ್ಮವು” ಎಂದರು. ಅವರ ಮುಖ ಹೇಗಾಯಿತೆಂದು ಬರೆಯಲು ನನಗೆ ಬರುವುದಿಲ್ಲ. ಎದ್ದರು. ಅಂಗಿ ಎಳೆದು ಸರಿಮಾಡಿಕೊಂಡರು, ಸೀಟಿಯನ್ನು ಎದೆಯ ನಡುವೆ ತಂದುಕೊಂಡರು, ಬಾಗಿಲವರೆಗೆ ಹೋದರು. ಅಲ್ಲಿ ನಿಂತು ತಿರುಗಿ, “ಈಗ ಹೆಂಗ ಅನಸ್ತದೊ ತಮ್ಮ? ನಾ ಹೋಗಲಿ?” ಎಂದು ಕೇಳಿದರು.

ಆರಾಮ ಆಗ್ಯದ್ರಿ, ಹೋಗ್ರಿ ಎಂದರೆ ಮುಗಿಯುತ್ತಿತ್ತು. ಇಷ್ಟು ಬೇಗ ಆರಾಮ ಎಂದರೆ ಅವರಿಗೆ ಸಂಶಯ ಬಂದೀತು ಎಂದು ನನ್ನ ಹದಿನೇಳು ವರ್ಷದ ಬುದ್ಧಿಗೆ ಹೊಳೆಯಿತು. ಹೊಟ್ಟೆ ಹಿಡಿದು ಮುಲುಗಿದೆ. ಚೀಟಿಗಿಂತ, ಸುಳ್ಳಿಗಿಂತ, ಆ ಮುಲುಗಿದ್ದೇ ನನ್ನನ್ನು ಇಷ್ಟು ವರ್ಷ ಕಾಡಿದ್ದು. ಉಸ್ತಾದರು ಮರಳಿ ಬಂದು ಸ್ಟೂಲಿನ ಮೇಲೆ ಕೂತರು. ನನ್ನ ಕಾಲು ಒತ್ತಿದರು. ಹೊರಗೆ ಡೋಲು ಬಹಳ ಹೊತ್ತು ಬಾರಿಸಿದರು.

ಪುಣೆಯಿಂದ ಬಂದಿದ್ದ ಅತಿಥಿ, ದೊಡ್ಡ ಹುದ್ದೆಯ ಸೈನ್ಯಾಧಿಕಾರಿ, ಗೆದ್ದ ತಂಡದ ಉಸ್ತಾದ್ ಎಲ್ಲಿ ಎಂದು ಕೇಳಿದರಂತೆ. ಮೂವರು ಉಸ್ತಾದರು ನಿಂತಿದ್ದಾರೆ, ನಾಲ್ಕನೆಯವರಿಲ್ಲ. ಕರ್ನಲ್ ಸಾಹೇಬರು ಸುತ್ತ ನೋಡಿದರಂತೆ, ಯಾರಿಗೂ ಗೊತ್ತಿಲ್ಲ. ಕೊನೆಗೆ ಕ್ಯಾಪ್ಟನ್ ಒಬ್ಬನೇ ಶೀಲ್ಡ್ ತೆಗೆದುಕೊಂಡ, ಕೆಂಪು ತಂಡದ ಉಸ್ತಾದರು ಸೀಟಿ ಊದಿ ನಮ್ಮವರನ್ನು ಸುತ್ತು ಹಾಕಿಸಿದರು. ಮರುದಿನ ನಮ್ಮ ಉಸ್ತಾದರನ್ನು ಆಫೀಸಿಗೆ ಕರೆದರು. ಸೈನ್ಯದಲ್ಲಿ ಜಾಗ ಬಿಟ್ಟು ಹೋಗುವುದಕ್ಕಿಂತ ದೊಡ್ಡ ತಪ್ಪಿಲ್ಲ, ಅದನ್ನು ಅವರೇ ನಮಗೆ ಕಲಿಸಿದ್ದರು. ಹುಡುಗನಿಗೆ ಹುಷಾರಿರಲಿಲ್ಲ ಸಾಬ್ ಎಂದಷ್ಟೇ ಉತ್ತರ ಕೊಟ್ಟರಂತೆ. ಆಡಿಸಲಿಕ್ಕೆ, ಓಡಿಸಲಿಕ್ಕೆ ಇನ್ನು ನೀವು ಬೇಡ ಎಂದು ಅವರನ್ನು ಸ್ಟೋರಿಗೆ ಹಾಕಿದರು. ಹಾಕಿ ಕೋಲು, ಹಗ್ಗ, ಕಟ್ಟಿಗೆ ಬಂದೂಕು ಇಡುವ ಕೋಣೆ ಅದು. ಅವರಿಗೆ ಹಳದಿ ತಂಡ ಮತ್ತೆ ಸಿಗಲೇ ಇಲ್ಲ. ಇನ್ನೂ ಆರು ವರ್ಷ ಅಲ್ಲಿದ್ದು ಅದೇ ಕೋಣೆಯಿಂದ ಊರಿಗೆ ಹೋದರೆಂದು ಆಮೇಲೆ ಕೇಳಿದೆ.

ಪುಣೆಯ ಅಕಾಡೆಮಿಯ ಪರೀಕ್ಷೆಗೆ ಮೂರು ತಿಂಗಳಿತ್ತು. ಆ ಮೂರು ತಿಂಗಳು ದಿನಾ ಸಂಜೆ ಸ್ಟೋರಿನ ಕಿಟಕಿಯಲ್ಲಿ ಅವರ ಕೈಯಿಂದ ಹಾಕಿ ಕೋಲು ತೆಗೆದುಕೊಂಡೆ. ಕರ್ನಲ್ ಸಾಹೇಬರ ಆಫೀಸು ಅಲ್ಲಿಂದ ನಲವತ್ತು ಹೆಜ್ಜೆ. ನಾನು ಹೋಗಿ ನಿಜ ಹೇಳಿದ್ದರೂ ಅವರು ಜಾಗ ಬಿಟ್ಟದ್ದು ಬಿಟ್ಟದ್ದೇ, ತಂಡ ಮರಳಿ ಸಿಗುತ್ತಿತ್ತೋ ಇಲ್ಲವೋ ಎಂದು ವಾದ ಮಾಡಿಕೊಳ್ಳುತ್ತಿದ್ದೆ. ನನ್ನನ್ನು ಮಾತ್ರ ಖಂಡಿತ ಹೊರಗೆ ಹಾಕುತ್ತಿದ್ದರು. ಅಷ್ಟೇ ವಿಷಯ. ಹೆದರಿದೆ. ಉಸ್ತಾದರು ಮಾತ್ರ ಒಂದೊಂದು ದಿನ ಕೋಲು ಕೊಡುತ್ತ ಮೆಲ್ಲಗೆ, “ಹೊಟ್ಟಿ ಹೆಂಗದ?” ಎಂದು ಕೇಳುತ್ತಿದ್ದರು.

ನಾನು ಆಫೀಸರ್ ಆಗಲಿಲ್ಲ. ಆಯ್ಕೆಗೆ ಹೋದವನು ಎರಡನೆಯ ದಿನವೇ ಟ್ರಂಕು ಹೊತ್ತು ಮರಳಿದೆ. ಅಪ್ಪ ಒಂದು ತಿಂಗಳು ಮಾತಾಡಲಿಲ್ಲ. ಮುಂದೆ ಓದಿ ಅಕ್ಕಲಕೋಟೆಯ ಕನ್ನಡ ಶಾಲೆಯಲ್ಲಿ ಮಾಸ್ತರನಾದೆ. ನಮ್ಮ ಕ್ಯಾಪ್ಟನ್ ಪುಣೆಗೆ ಹೋದ, ಈಗ ದೊಡ್ಡ ಸಾಹೇಬ. ಒಮ್ಮೆ ಫೋನಿನಲ್ಲಿ ಆ ಚೀಟಿಯ ವಿಷಯ ತೆಗೆದೆ. ಯಾವ ಚೀಟಿ ಎಂದು ಕೇಳಿದ. ನಾವು ಗೆದ್ದದ್ದು ಅವನಿಗೆ ನೆನಪಿತ್ತು. ಆ ಅಕಾಡೆಮಿಯೂ ಈಗಿಲ್ಲ, ಮೈದಾನದ ಜಾಗದಲ್ಲಿ ಮದುವೆಯ ಮಂಗಲ ಕಾರ್ಯಾಲಯ ಎದ್ದಿದೆ.

ಉಸ್ತಾದರು ಮತ್ತೆ ಸಿಕ್ಕದ್ದು ಹದಿನೈದು ವರ್ಷದ ಮೇಲೆ, ಅಕ್ಕಲಕೋಟೆಯ ಎಸ್ಟಿ ಬಸ್ ಸ್ಟ್ಯಾಂಡಿನಲ್ಲಿ. ಧೋತರ, ರುಮಾಲು, ಹೆಗಲ ಮೇಲೆ ಕಂಬಳಿ. ಜೊತೆಗೆ ಊರಿನ ಇಬ್ಬರು. ನಾನು ಗುರುತಿಸುವ ಮೊದಲೇ ಅವರು ನನ್ನನ್ನು ಗುರುತಿಸಿದ್ದರು. ಕಾಲಿಗೆರಗಿದೆ. ಭುಜ ಹಿಡಿದು ಎಬ್ಬಿಸಿ, ಜೊತೆಗಿದ್ದವರಿಗೆ, “ನಾ ಹೇಳ್ತಿದ್ನೆಲ್ಲ, ಇವನ ನೋಡ್ರಿ ಆ ಹುಡುಗ. ಇವನ ಸಲುವಾಗಿ ಶೀಲ್ಡ್ ಬಿಟ್ಟೆ” ಎಂದು ನಕ್ಕರು. ಆ ನಗೆಯಲ್ಲಿ ಮುಳ್ಳಿರಲಿಲ್ಲ. ಅವರಿಗೆ ನಿಜವಾಗಿಯೂ ಹೆಮ್ಮೆಯಿತ್ತು. ಆ ಇಬ್ಬರೂ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಉಸ್ತಾದ್, ಅವತ್ತ ನನಗ ಖರೇನ...” ಎಂದು ಶುರುಮಾಡಿದೆ.

“ಗೊತ್ತದ ಬಿಡೊ, ನಿನಗ ಓಡಬೇಕಂತ ಭಾಳ ಇತ್ತು. ಏನ್ ಮಾಡಾಕ ಬರ್ತದ, ಹೊಟ್ಟಿ ಕೈ ಕೊಡ್ತು” ಎಂದು ಬೆನ್ನು ತಟ್ಟಿದರು. ಬಸ್ಸು ಬಂತು. ಹತ್ತಿ ಹೋದರು.

ಆಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಮೊದಲು ನನ್ನ ತಪ್ಪು ಒಪ್ಪಿಕೊಳ್ಳಬೇಕಾಗಿತ್ತು. ಈಗ ಒಬ್ಬ ಮುದುಕರು ಊರ ತುಂಬ ಹೇಳಿಕೊಂಡು ಬಂದ ಕಥೆಯನ್ನು ಅವರ ಕೈಯಿಂದ ಕಸಿದುಕೊಳ್ಳಬೇಕಾಗಿತ್ತು. ಆದರೂ ಒಂದು ದೀಪಾವಳಿ ರಜೆಯಲ್ಲಿ ಗಟ್ಟಿ ಮನಸ್ಸು ಮಾಡಿ ಚಪಳಗಾಂವಕ್ಕೆ ಹೊರಟೆ. ಊರ ಮುಂದಿನ ಹೋಟೆಲಿನಲ್ಲಿ ಎರಡು ಚಹಾ ಕುಡಿದೆ, ಒಂದು ತಾಟು ಭಜಿ ತಿಂದೆ, ಬಂದ ಬಸ್ಸಿಗೆ ಮರಳಿದೆ. ಹೆದರಿದಾಗ ತಿನ್ನುವ ಚಟ ಮಾತ್ರ ಹೋಗಿಲ್ಲ.

ಕಳೆದ ವರ್ಷ ತರಗತಿಯಲ್ಲಿ ಚಪಳಗಾಂವದ ಹುಡುಗಿಯೊಬ್ಬಳು ಎರಡು ದಿನ ಬಂದಿರಲಿಲ್ಲ. ಯಾಕೆ ಎಂದು ಕೇಳಿದೆ. “ನಮ್ಮ ಓಣ್ಯಾಗ ಮಿಲ್ಟ್ರಿ ಅಜ್ಜ ತೀರಿಕೊಂಡ್ರಿ ಸರ್” ಎಂದಳು. ಅಂದು ಉಳಿದ ಪಾಠ ಏನು ಮಾಡಿದೆನೋ ನೆನಪಿಲ್ಲ.

ದಿನಕರ್ಮದ ದಿವಸ ಹೋದೆ. ಈ ಸಲ ಹೋಟೆಲಿನಲ್ಲಿ ನಿಲ್ಲಲಿಲ್ಲ. ಅಂಗಳದಲ್ಲಿ ಜನ ಕೂತಿದ್ದರು, ಒಂದು ಬದಿಗೆ ಕುರಿಗಳ ಹಟ್ಟಿ. ಉಸ್ತಾದರ ಮಗನಿಗೆ ನನ್ನ ಗುರುತು ಹೇಳಿದೆ. ಅವನು ನನ್ನ ಕೈ ಬಿಡಲಿಲ್ಲ. ಹಿಡಿದುಕೊಂಡೇ ಎಲ್ಲರಿಗೂ, ಇವರೇ ಅವರು, ಅಪ್ಪ ಹೇಳುತ್ತಿದ್ದನಲ್ಲ ಅವರೇ ಎಂದು ತೋರಿಸಿದ. ಜನ ಸರಿದು ಮುಂದೆ ಜಾಗ ಕೊಟ್ಟರು. ಮೊಮ್ಮಗಳು, ಪೊಲೀಸ್ ಭರ್ತಿಗೆಂದು ದಿನಾ ಓಡುವ ಹುಡುಗಿ, ನನ್ನೆದುರು ಬಂದು ಕೂತಳು. “ಸರ್, ಆಜೋಬಾ ಹೇಳೂದು ಭಾಳ ಸಲ ಕೇಳೀವ್ರಿ. ನಿಮ್ಮ ಬಾಯಿಲೆ ಒಮ್ಮಿ ಹೇಳ್ರಲಾ” ಎಂದಳು.

ನಿಜ ಹೇಳಲೆಂದು ಬಂದಿದ್ದೆ. ಆ ಅಂಗಳದಲ್ಲಿ, ಆ ಜನರ ಮುಂದೆ... ಹೇಳಿದೆ, ಉಸ್ತಾದರು ಹೇಳುತ್ತಿದ್ದ ಹಾಗೆಯೇ ಹೇಳಿದೆ. ಬೆಳಿಗ್ಗೆಯಿಂದ ಎಷ್ಟು ಸಲ ಚರಿಗೆ ಹಿಡಿದು ಓಡಿದೆ, ಹೊಟ್ಟೆ ಹೇಗೆ ತಿರುಚಿತು, ಕಣ್ಣಿಗೆ ಹೇಗೆ ಕತ್ತಲೆ ಬಂತು, ಉಸ್ತಾದರು ಕಷಾಯ ಹಿಡಿದು ದೇವರ ಹಾಗೆ ಬಾಗಿಲಲ್ಲಿ ಹೇಗೆ ಕಂಡರು, ಎಲ್ಲ ಅಭಿನಯ ಮಾಡಿ ಹೇಳಿದೆ. ಜನ ನಕ್ಕರು. ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ಮಗ ತಲೆ ಆಡಿಸುತ್ತ ಕೂತಿದ್ದ. ಇಷ್ಟು ಚೆನ್ನಾಗಿ ನಾನು ಯಾವ ಪಾಠವನ್ನೂ ಮಾಡಿಲ್ಲ.

ಒಳಗಿನಿಂದ ಉಸ್ತಾದರ ಹೆಂಡತಿ ಕರೆದರು. ನಡುಮನೆಯಲ್ಲಿ ಗೋಡೆಗೆ ಆತು ಕೂತಿದ್ದರು, ಕಣ್ಣು ಅಷ್ಟಾಗಿ ಕಾಣುವುದಿಲ್ಲ. ಕಾಲು ಮುಟ್ಟಿದೆ. ಕೈಯಿಂದ ನನ್ನ ಮುಖ ತಡವಿ ನೋಡಿದರು. ಸ್ಟೋರಿಗೆ ಹಾಕಿದಾಗ ತಾನು ಗಂಡನ ಜೊತೆ ಬಹಳ ಜಗಳ ಮಾಡಿದ್ದೆ ಎಂದರು. “ಯಾರ ಮಗನೋ ಏನೋ, ಅವನ ಸಲುವಾಗಿ ನೌಕ್ರಿ ಕೆಡಿಸ್ಕೊಂಡೆಲ್ಲ ಅಂದೆ. ಹುಡುಗ ಉಳೀತು, ಸಾಕು ಅಂತಿದ್ದ ನಮ್ಮ ಯಜಮಾನ.” ಆಮೇಲೆ ನನ್ನ ಕೈ ಹಿಡಿದು ಕೇಳಿದರು. “ಈಗರ ಹೊಟ್ಟಿ ಚಲೋ ಅದ ಏನಪಾ?”

ಚಲೋ ಅದರಿ ಅವ್ವ ಎಂದೆ. ಅಲ್ಲಿ ಕೂರಲಾಗಲಿಲ್ಲ, ಹೊರಗೆ ಬಂದೆ. ಬಸ್ಸಿನಲ್ಲಿ ಪಕ್ಕದವರು ಏನಾಯಿತೆಂದು ಕೇಳುವಷ್ಟು ಅತ್ತೆ.

ಈಗ ಮಗಳ ಹೊಟ್ಟೆ ನೆಟ್ಟಗಾಗಿದೆ, ಆಡಲು ಹೋಗಿದ್ದಾಳೆ. ನಾನು ಕೂತು ಇದನ್ನು ಬರೆಯುತ್ತಿದ್ದೇನೆ. ಮೂವತ್ತು ವರ್ಷದಿಂದ ಏನೇನೋ ಬರೆದಿದ್ದೇನೆ, ನಾಲ್ಕು ಕಡೆ ಅಚ್ಚಾಗಿದೆ, ಇದೊಂದನ್ನು ಬರೆದಿರಲಿಲ್ಲ. ಬರೆದರೆ ಚಪಳಗಾಂವದ ಆ ಮನೆಯಲ್ಲಿ ಯಾರಾದರೂ ಓದಿಯಾರು ಎಂಬ ಭಯವಿತ್ತು. ಇನ್ನು ಆ ಭಯವಿಲ್ಲ. ಮಗ ಮರಾಠಿ ಶಾಲೆ ಕಲಿತವನು, ಮೊಮ್ಮಗಳೂ ಹಾಗೆಯೇ. ಬೆಳಗಿನಿಂದ ಸಂಜೆಯ ತನಕ ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಒಂದು ಸಾಲು ಓದಲು ಬರುವುದಿಲ್ಲ. ಮುದುಕಿ ಶಾಲೆಯ ಮುಖ ಕಂಡವಳಲ್ಲ. ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಕಲಿತು, ಭಜಿ ಕಟ್ಟಿ ಬಂದ ಕಾಗದವನ್ನೂ ಬಿಡದೆ, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದುತ್ತಿದ್ದವರು ಆ ಮನೆಯಲ್ಲಿ ಒಬ್ಬರೇ ಇದ್ದರು. ಅವರು ಹೋದ ಮೇಲೆ ಬರೆಯುವ ಧೈರ್ಯ ಬಂದಿದೆ ನನಗೆ.

ಉಸ್ತಾದ್, ಅವತ್ತ ನನ್ನ ಹೊಟ್ಟಿ ಚಲೋ ಇತ್ರಿ.